ಮೊದಲು ಹೂಂಗುಟ್ಟುವವರನ್ನು ಹುಡುಕಿ: ಬಡಾವಣೆಯಲ್ಲಿ ಕತೆ-ಕವಿತೆಯ ಸಂಜೆ ನಡೆಸುವ ಬಗೆ

ನಮ್ಮಜ್ಜಿ ಕತೆ ಹೇಳುವಾಗ ಒಂದೇ ಒಂದು ಕರಾರು ಹಾಕುತ್ತಿದ್ದಳು: ಹೂಂ ಅನ್ನಬೇಕು. ಹೂಂಗುಟ್ಟುವುದು ನಿಂತರೆ ಕತೆಯೂ ಅಲ್ಲಿಗೇ ನಿಂತಿತು. ಮಕ್ಕಳು ಮಲಗಿದವೋ ಇಲ್ಲವೋ ನೋಡುವುದಕ್ಕೆ ಮುದುಕಿ ಹೂಡಿದ ಉಪಾಯ ಅಂತ ಆಗ ಅಂದುಕೊಂಡಿದ್ದೆ. ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಕತೆ-ಕವಿತೆಯ ಸಂಜೆ ನಡೆಸಲು ಹೊರಟು, ಮೊದಲ ಎರಡು ಸಲ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದ ಮೇಲೆ ಅಜ್ಜಿಯ ಕರಾರು ಅರ್ಥವಾಯಿತು. ಹೇಳುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಹೂಂ ಅನ್ನುವವರನ್ನು ಕೂಡಿಸುವುದೇ ಕೆಲಸ.

ನಮ್ಮ ಕಡೆಯ ಕವಿಗೋಷ್ಠಿಗಳನ್ನು ನೀವೂ ನೋಡಿರುತ್ತೀರಿ. ವೇದಿಕೆಯ ಮೇಲೆ ಇಪ್ಪತ್ತೈದು ಕವಿಗಳು, ಕೆಳಗೆ ಅವರ ಮನೆಯವರು. ಉದ್ಘಾಟನೆ, ಆಶಯ ನುಡಿ, ಶಾಲು, ಹಾರ ಮುಗಿಯುವ ಹೊತ್ತಿಗೆ ಊಟದ ಸಮಯ. ತಮ್ಮ ಕವಿತೆ ಓದಿದವರು ಬಸ್ಸಿನ ನೆಪ ಹೇಳಿ ಎದ್ದು ಹೋಗುತ್ತಾರೆ. ಕೊನೆಯ ಕವಿ ಓದುವುದು ಶಾಮಿಯಾನದವನಿಗೆ, ಅವನೋ ಕುರ್ಚಿ ಎತ್ತಲು ಕಾಯುತ್ತಾ ನಿಂತವನು. ಅಂಥದ್ದನ್ನು ನೂರು ನಡೆಸಿದರೂ ಪಕ್ಕದ ಮನೆಯವರ ಹೆಸರು ಗೊತ್ತಾಗುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಬೇರೆ ಬಗೆಯ ಸಂಜೆ: ಮೂವತ್ತು ಜನ, ಒಂದೂ ಮುಕ್ಕಾಲು ಗಂಟೆ, ವೇದಿಕೆ ಇಲ್ಲ, ಅತಿಥಿ ಇಲ್ಲ.

ಹೆಜ್ಜೆ 1: ಮೂವರು ಜತೆಯಾಗಿ

ಒಬ್ಬರೇ ಕೈ ಹಾಕಬೇಡಿ. ಒಬ್ಬರು ನಡೆಸಿದರೆ ಅವರಿಗೆ ಜ್ವರ ಬಂದ ತಿಂಗಳು ಕತೆಗೂ ಜ್ವರ. ಮೂವರಿದ್ದರೆ ಸಾಕು: ಒಬ್ಬರು ಬಾಗಿಲಿಗೆ, ಒಬ್ಬರು ಗಡಿಯಾರಕ್ಕೆ, ಒಬ್ಬರು ನಿರೂಪಣೆಗೆ. ಮೂರರಲ್ಲಿ ಬಾಗಿಲಿನ ಕೆಲಸವೇ ದೊಡ್ಡದು. ಬಂದವರ ಹೆಸರು ಕೇಳಬೇಕು, ಒಂಟಿಯಾಗಿ ಬಂದವರನ್ನು ಇನ್ನೊಬ್ಬರ ಪಕ್ಕ ಕೂರಿಸಬೇಕು, 'ಇವರೂ ನಿಮ್ಮ ತೀರ್ಥಹಳ್ಳಿ ಕಡೆಯವರೇ' ಅಂತ ಒಂದು ಮಾತು ಆಡಬೇಕು. ಮಾತಿನ ಮಲ್ಲರನ್ನು ನಿರೂಪಣೆಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಅವರನ್ನು ಬಾಗಿಲಿಗೆ ನಿಲ್ಲಿಸಿ. ನಿರೂಪಣೆಗೆ ಕಡಿಮೆ ಮಾತಾಡುವವರು ಬೇಕು.

ಆಮೇಲೆ ಹತ್ತು ಕೇಳುಗರನ್ನು ಗೊತ್ತು ಮಾಡಿಕೊಳ್ಳಿ. ಕವಿತೆ ಬರೆಯದವರಾದರೆ ಇನ್ನೂ ಒಳ್ಳೆಯದು. 'ನಮಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ' ಅನ್ನುತ್ತಾರೆ. 'ನೀವು ಬಂದು ಕೂತರೆ ಸಾಕು, ಚಾ ಕೊಡ್ತೀವಿ' ಅನ್ನಿ. ಮೂರು ತಿಂಗಳು ತಪ್ಪದೆ ಬರುತ್ತೇನೆ ಎಂದು ಈ ಹತ್ತು ಜನರಿಂದ ಮಾತು ತೆಗೆದುಕೊಳ್ಳದೆ ಜಾಗ ಹುಡುಕಲು ಹೊರಡಬೇಡಿ.

ಹೆಜ್ಜೆ 2: ಜಾಗ, ಮತ್ತು ನಮ್ಮ ಮೊದಲ ಮುಗ್ಗರಿಕೆ

ಮೊದಲ ಸಂಜೆಗೆ ನಾವು ಒಂದು ಕಲ್ಯಾಣ ಮಂಟಪದ ಮಿನಿ ಹಾಲ್ ಹಿಡಿದೆವು. ಪರಿಚಯದವರದು, ಬಾಡಿಗೆ ಬೇಡ ಅಂದಿದ್ದರು. ಇನ್ನೂರು ಕುರ್ಚಿ ಹಾಕಿಸಿದ್ದರು, ಬಂದವರು ಹದಿನೇಳು ಜನ. ಮದುವೆಗೆ ಬಂದ ದೂರದ ನೆಂಟರ ಹಾಗೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಕೂತರು. ಓದಿದವರ ದನಿ ಎದುರಿನ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಅದೇ ಹದಿನೇಳು ಜನ ಒಂದು ಮನೆಯ ಹಜಾರದಲ್ಲಿ ಕೂತಿದ್ದರೆ 'ಜಾಗ ಸಾಲಲಿಲ್ಲ ಮಾರಾಯ್ರೆ' ಅನ್ನುತ್ತಾ ಹೋಗುತ್ತಿದ್ದರು.

ಆದ್ದರಿಂದ ಜಾಗ ಯಾವಾಗಲೂ ಚಿಕ್ಕದಿರಲಿ. ಬರುವವರು ಮೂವತ್ತು ಎನಿಸಿದರೆ ಇಪ್ಪತ್ತೈದು ಜನ ಹಿಡಿಸುವ ಕೋಣೆ ನೋಡಿ. ಉಳಿದವರು ಬಾಗಿಲ ಬಳಿ ನಿಲ್ಲಲಿ, ಅದೂ ಒಂದು ಕಳೆ. ಕುರ್ಚಿಗಳನ್ನು ಸಾಲಾಗಿ ಹಾಕದೆ ಅರ್ಧ ಚಂದ್ರನ ಹಾಗೆ ಹಾಕಿ, ಕೇಳುವವರಿಗೆ ಕೇಳುವವರ ಮುಖ ಕಾಣಬೇಕು. ಮುಂದೆ ಒಂದು ಜಮಖಾನ ಹಾಸಿ, ಮಕ್ಕಳು ಅಲ್ಲಿ.

ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೇ ಮೊದಲು ಕೇಳಿ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಎಂಬ ಬೋರ್ಡು ಹೊತ್ತಿವೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪುಟದ ಅರ್ಜಿ ಕೊಡಿ, ಗ್ರಂಥಪಾಲಕರನ್ನು ನಿಮ್ಮ ಹತ್ತು ಕೇಳುಗರಲ್ಲಿ ಒಬ್ಬರನ್ನಾಗಿ ಮಾಡಿಕೊಳ್ಳಿ. ಪಟ್ಟಣದಲ್ಲಿ ವಾಚನಾಲಯ (ನಮ್ಮದು ಈಗ ನಡೆಯುವುದು ಅಲ್ಲೇ), ಶಾಲೆಯ ಕೊಠಡಿ, ಯಾರದಾದರೂ ಟೆರೇಸ್. ದೇವಸ್ಥಾನದ ಸಭಾಭವನ ಸುಲಭಕ್ಕೆ ಸಿಗುತ್ತದೆ, ಬಾಡಿಗೆಯೂ ಇರುವುದಿಲ್ಲ. ಆದರೆ ನಿಮ್ಮ ಓಣಿಯಲ್ಲಿ ಆ ಬಾಗಿಲು ದಾಟಲು ಹಿಂದೆಮುಂದೆ ನೋಡುವವರು ಯಾರಿದ್ದಾರೆ ಎಂದು ಒಮ್ಮೆ ಎಣಿಸಿ. ಅವರನ್ನು ಬಿಟ್ಟು ನಡೆಯುವ ಕೂಟಕ್ಕೆ ಊರ ಹೆಸರು ಇಡಲು ಬರುವುದಿಲ್ಲ.

ಜಾಗ ಒಪ್ಪಿಕೊಳ್ಳುವ ಮೊದಲು ಅದೇ ಹೊತ್ತಿಗೆ, ಅದೇ ವಾರದ ದಿನ ಹೋಗಿ ಹಿಂದಿನ ಸಾಲಿನ ಜಾಗದಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕೂರಿ. ಪಕ್ಕದ ಹಿಟ್ಟಿನ ಗಿರಣಿ, ಮೇಲಿನ ಟ್ಯೂಷನ್ ಕ್ಲಾಸು, ಗರಗರ ಅನ್ನುವ ಫ್ಯಾನು ಎಲ್ಲ ಆಗ ಕೇಳಿಸುತ್ತವೆ. ಮಲೆನಾಡಿನವರಿಗೆ ಒಂದು ಮಾತು: ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಶೀಟಿನ ಕೆಳಗೆ ಕತೆ ಇಟ್ಟುಕೊಳ್ಳಬೇಡಿ. ಮಳೆ ಬಿದ್ದರೆ ಯಾವ ಮೈಕೂ ಅದನ್ನು ಗೆಲ್ಲುವುದಿಲ್ಲ. ಶೌಚಾಲಯ ಇದೆಯೇ, ಮೆಟ್ಟಿಲು ಎಷ್ಟು ಎಂಬುದನ್ನೂ ನೋಡಿ. ಕತೆ ಹೆಚ್ಚು ಇರುವುದು ಮಂಡಿನೋವಿನವರ ಹತ್ತಿರ.

ಹೆಜ್ಜೆ 3: ದಿನ ಕಟ್ಟಿಹಾಕಿ

ನಮ್ಮದು ತಿಂಗಳ ಎರಡನೇ ಶನಿವಾರ, ಸಂಜೆ ಆರು. ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ಅಂದು ರಜೆ, ಮರುದಿನ ಭಾನುವಾರ. ನಿಮ್ಮ ಊರಿನ ಸಂತೆ ದಿನ, ಕರೆಂಟ್ ತೆಗೆಯುವ ಹೊತ್ತು ನೋಡಿಕೊಂಡು ಬೇರೆ ಮಾಡಿಕೊಳ್ಳಿ. ಒಮ್ಮೆ ಗೊತ್ತುಮಾಡಿದ ಮೇಲೆ ಮಾತ್ರ ಅಲ್ಲಾಡಿಸಬೇಡಿ. 'ಈ ತಿಂಗಳು ಜನ ಕಡಿಮೆ, ಮುಂದಿನ ವಾರ ಇಟ್ಟುಕೊಳ್ಳೋಣ' ಎಂದ ದಿನವೇ ಅರ್ಧ ಜನ ಕಳೆದುಹೋಗುತ್ತಾರೆ. ಆರು ಎಂದರೆ ಆರು. ಐದು ಜನ ಇದ್ದರೂ ಶುರು. ತಡವಾಗಿ ಬಂದವರಿಗೆ ನಾಚಿಕೆಯಾಗಬೇಕೇ ಹೊರತು ಹೊತ್ತಿಗೆ ಸರಿಯಾಗಿ ಬಂದವರಿಗೆ ಬೇಸರವಾಗಬಾರದು. ಮುಗಿಯುವುದು ಏಳೂ ಮುಕ್ಕಾಲಿಗೆ. ಅದಕ್ಕಿಂತ ತಡವಾದರೆ ಮೊದಲು ಬರುವುದನ್ನು ನಿಲ್ಲಿಸುವವರು ಹೆಂಗಸರು, ಅಡುಗೆಗೂ ಕೊನೆಯ ಸಿಟಿ ಬಸ್ಸಿಗೂ ಲೆಕ್ಕ ಹಾಕುವವರು ಅವರೇ.

ಹೆಜ್ಜೆ 4: ಕರೆಯುವುದು

ವಾಟ್ಸ್ಯಾಪ್ ಸಂದೇಶ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಗುಂಪಿನಲ್ಲಿ ಹಾಕಿದ ಆಮಂತ್ರಣಕ್ಕೆ ಕೈ ಮುಗಿದ ಚಿತ್ರ ಬರುತ್ತದೆ, ಜನ ಬರುವುದಿಲ್ಲ. ಕೈಬರಹದ ಒಂದು ಹಾಳೆಯನ್ನು ಹಾಲಿನ ಬೂತಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಅಂಟಿಸಿ. ಫೋಟೊ ಇರುವ ಫ್ಲೆಕ್ಸ್ ಬೇಡವೇ ಬೇಡ. ಯಾರ ಫೋಟೊ ದೊಡ್ಡದು ಎಂಬ ಜಗಳ ಕವಿತೆಗಿಂತ ಹೆಚ್ಚು ದಿನ ಬಾಳುತ್ತದೆ.

ಹೇಳುವವರನ್ನು ಮಾತ್ರ ಎದುರಿಗೆ ಹೋಗಿಯೇ ಕರೆಯಬೇಕು. 'ಒಂದು ಕತೆ ಹೇಳಿ' ಎಂದರೆ ಯಾರೂ ಹೇಳುವುದಿಲ್ಲ. ಕತೆ ಎಂದರೆ ರಾಜ, ರಾಣಿ, ಏಳು ಸಮುದ್ರ ಎಂದೇ ಎಲ್ಲರ ಲೆಕ್ಕ. ಪ್ರಶ್ನೆ ಸಣ್ಣದಾಗಿರಬೇಕು, ಉತ್ತರದಲ್ಲಿ ಒಂದು ದಿನ ಇರಬೇಕು. ನಮ್ಮ ಕಡೆಯ ಒಬ್ಬ ಲೈನ್‌ಮನ್ ಅವರನ್ನು ಹೀಗೆ ಕೇಳಿದೆವು: '2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿತಲ್ಲ, ಆ ರಾತ್ರಿ ನೀವು ಎಲ್ಲಿದ್ದಿರಿ?' ಅವರು ಕಂಬದ ಕೆಳಗೆ ನಿಂತೇ ಇಪ್ಪತ್ತು ನಿಮಿಷ ಮಾತಾಡಿದರು. 'ಇದನ್ನೇ ಶನಿವಾರ ಹೇಳಿ' ಎಂದಾಗ 'ಇದು ಕತೆಯಾ?' ಅಂದರು.

ಇಂಥ ಪ್ರಶ್ನೆಗಳ ಒಂದು ಪಟ್ಟಿ ಮಾಡಿಕೊಳ್ಳಿ. ಹೊಸ ಊರಿಗೆ ಬಂದ ಮೊದಲ ರಾತ್ರಿ ಏನು ಉಂಡಿರಿ? ನಿಮ್ಮ ಮನೆಯಲ್ಲಿ ಯಾರೂ ಎಸೆಯದ ಹಳೆಯ ಸಾಮಾನು ಯಾವುದು? ಈ ರಸ್ತೆ ಡಾಂಬರು ಕಾಣುವ ಮೊದಲು ಹೇಗಿತ್ತು? ಬಯ್ಯಿಸಿಕೊಂಡರೂ ಖುಷಿಯಾಗಿದ್ದು ಯಾವತ್ತು?

ಹೆಜ್ಜೆ 5: ಹೇಳುವವರ ಜತೆ ಒಂದು ಗಂಟೆ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ನಾನು ಮಾತ್ರ ಉಳಿದೆಲ್ಲ ಬಿಟ್ಟರೂ ಇದನ್ನು ಬಿಡುವುದಿಲ್ಲ. ಹೊಸದಾಗಿ ಹೇಳುವವರ ಜತೆ ಆ ವಾರದಲ್ಲಿ ಒಂದು ಗಂಟೆ ಕೂರಬೇಕು. ಅವರ ಮನೆಯಲ್ಲೋ ಅಂಗಡಿಯಲ್ಲೋ, ಅವರ ಕೈ ಕೆಲಸ ಮಾಡುತ್ತಲೇ ಇರಲಿ. ಕೈ ಓಡುತ್ತಿದ್ದರೆ ಬಾಯಿಯೂ ಓಡುತ್ತದೆ, ಬೀಸುವ ಕಲ್ಲಿನ ಪದಗಳು ಹುಟ್ಟಿದ್ದೇ ಹಾಗೆ.

ನಮ್ಮ ಓಣಿಯ ಮೂಲೆಯಲ್ಲಿ ಹೂವಿನಂಗಡಿ ಇಟ್ಟಿರುವ ಅಕ್ಕ ಮೊದಲ ಸಲ ಹೇಳಿದ್ದು ಹೀಗಿತ್ತು: 'ಮದುವೆಯಾಗಿ ಈ ಊರಿಗೆ ಬಂದೆ. ತುಂಬ ಕಷ್ಟ ಇತ್ತು. ಆಮೇಲೆ ಅಂಗಡಿ ಹಾಕಿದೆ. ಆಮೇಲೆ ದೇವರು ಕಣ್ಣು ಬಿಟ್ಟ. ಆಮೇಲೆ ಮಕ್ಕಳು ಓದಿದರು.' ಇದರಲ್ಲಿ ಸುಳ್ಳಿಲ್ಲ, ಆದರೆ ಹೂಂ ಅನ್ನಲು ಜಾಗವೂ ಇಲ್ಲ. 'ಮೊದಲ ದಿನ ಎಷ್ಟು ಮೊಳ ಮಾರಿದಿರಿ?' ಎಂದು ಕೇಳಿದೆ. ಆಕೆ ದಾರ ಸುತ್ತುವುದನ್ನು ನಿಲ್ಲಿಸಿದರು.

'ಮೂರು. ನಾಲ್ಕನೇದು ಅಳೀತಿದ್ದೆ, ಗಿರಾಕಿ ಒಬ್ರು ನನ್ನ ಕೈ ನೋಡಿದ್ರು. ನಿನ್ನ ಮೊಳ ಗಿಡ್ಡ ಕಣಮ್ಮ, ನನ್ನ ಕೈಯಲ್ಲಿ ಅಳಿ ಅಂದ್ರು. ಅಳೆದ್ರೆ ಹೌದು, ನಾಲ್ಕು ಬೆರಳು ಕಮ್ಮಿ. ನನ್ನ ಕೈಯೇ ಮೋಸ ಮಾಡ್ತಿತ್ತಲ್ಲ ಅನ್ನಿಸ್ತು.'

ಅಲ್ಲಿಗೆ ಕತೆ ಸಿಕ್ಕಿತು. ಶನಿವಾರ ಆಕೆ ನಿಂತು ಮೊದಲು ಹೇಳಿದ ಮಾತು 'ನನ್ನ ಮೊಳ ಗಿಡ್ಡ'. ಕೋಣೆಯಲ್ಲಿ ಮೂವತ್ತು ಜನ ತಮ್ಮ ತಮ್ಮ ಮೊಣಕೈ ನೋಡಿಕೊಂಡರು. ಮದುವೆ, ಕಷ್ಟ, ದೇವರು, ಮಕ್ಕಳ ಓದು ಎಲ್ಲವೂ ನಡುವೆ ಬಂದವು, ಆದರೆ ಆ ಮೊಳದ ಹಿಂದೆ ಬಂದವು. ಕೊನೆಯ ಮಾತು: 'ಅವತ್ತಿಂದ ಮೊಳಕ್ಕೆ ನಾಲ್ಕು ಬೆರಳು ಜಾಸ್ತಿ ಬಿಡ್ತೀನಿ. ಗಿರಾಕಿಗೆ ಗೊತ್ತಾಗಲ್ಲ, ಕೈಗೆ ಗೊತ್ತಾಗುತ್ತೆ.'

ಈ ಒಂದು ಗಂಟೆಯಲ್ಲಿ ಮಾಡಬೇಕಾದ್ದು ಇಷ್ಟೇ. ಮೊದಲ ಮಾತು, ಕೊನೆಯ ಮಾತು ಎರಡನ್ನೂ ಬಾಯಿಪಾಠ ಮಾಡಿಸಿ, ನಡುವಿನದನ್ನು ಅವರಿಗೇ ಬಿಡಿ. ಚೀಟಿ ನೋಡಿ ಓದಿಸಬೇಡಿ. 'ಆಮೇಲೆ' ಐದಕ್ಕಿಂತ ಹೆಚ್ಚು ಬಂದರೆ ಕತೆ ದಾರಿ ತಪ್ಪಿದೆ ಎಂದು ಲೆಕ್ಕ. ಭಾಷೆ ತಿದ್ದುವುದಂತೂ ಮಹಾಪಾಪ. 'ಹೋಗ್ಬುಟ್ಟೆ' ಅನ್ನುವವರ ಬಾಯಲ್ಲಿ 'ಹೋಗಿಬಿಟ್ಟೆನು' ತುರುಕಿದರೆ ಅವರೂ ಹೋದರು, ಕತೆಯೂ ಹೋಯಿತು.

ಕವಿತೆ ಓದುವವರಿಗೂ ಅಭ್ಯಾಸ ಬೇಕು, ಆದರೆ ಬೇರೆ ಥರದ್ದು. ಕಾಗದದಲ್ಲಿ ಕಣ್ಣಿಗೆ ಕಾಣುವ ಸಾಲು ಕಿವಿಗೆ ಕೇಳುವುದಿಲ್ಲ. ಕವಿತೆಯನ್ನು ಗಟ್ಟಿಯಾಗಿ ಮೂರು ಸಲ ಓದಿ, ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳಲಿ. ಎರಡು ಸಲ ಹೇಳಬೇಕೆನಿಸುವ ಸಾಲಿದ್ದರೆ ಹೇಳಲಿ, ವಚನ-ಕೀರ್ತನೆ ಕೇಳಿ ಬೆಳೆದ ಕಿವಿಗೆ ಪಲ್ಲವಿಯ ರೂಢಿ ಇದೆ.

ಹೆಜ್ಜೆ 6: ಸಂಜೆಯ ಕ್ರಮ

ನಾಲ್ಕು ನಿಮಿಷದ ಲೆಕ್ಕ ನಮ್ಮದು. ಶಿಕಾಗೊದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ 1980ರ ದಶಕದಲ್ಲಿ ಶುರುಮಾಡಿದ 'ಸ್ಲ್ಯಾಮ್' ಎಂಬ ಕವಿತೆ ಓದುವ ಸ್ಪರ್ಧೆಯ ಕೂಟಗಳಲ್ಲಿ ಕವಿಗೆ ಸಿಗುವುದು ಮೂರೇ ನಿಮಿಷ, ಅಂಕ ಕೊಡುವವರು ಸಭೆಯಿಂದಲೇ ಆರಿಸಿದ ಐವರು. ಗಡಿಯಾರದ ಶಿಸ್ತನ್ನು ಅವರಿಂದ ತೆಗೆದುಕೊಂಡೆವು, ಅಂಕವನ್ನು ಬಿಟ್ಟೆವು. ಓಣಿಯಲ್ಲಿ ಪಕ್ಕದ ಮನೆಯವರಿಗೆ 6.5 ಕೊಟ್ಟು ಮರುದಿನ ಅವರ ಹತ್ತಿರ ಕೊತ್ತಂಬರಿ ಸೊಪ್ಪು ಕೇಳಲು ಆಗುವುದಿಲ್ಲ. ಸವಾಲು-ಜವಾಬು ಬೇಕೇ ಬೇಕು ಎಂದರೆ ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ-ನಾಗೇಶಿ ಇದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿ ವಾದಿಸುತ್ತಾರೆ, ಕೇಳುವವರಿಗೆ ಎರಡೂ ಕಡೆಯ ರುಚಿ. ನ್ಯೂಯಾರ್ಕಿನಲ್ಲಿ 1997ರಲ್ಲಿ 'ದಿ ಮಾತ್' (ಪತಂಗ) ಎಂಬ ಕತೆ ಹೇಳುವ ಕೂಟ ಹುಟ್ಟಿತು. ಜಾರ್ಜಿಯಾದ ಮನೆಯ ಜಗುಲಿಯಲ್ಲಿ ದೀಪದ ಸುತ್ತ ಪತಂಗಗಳು ಸೇರುತ್ತಿದ್ದ ಸಂಜೆಗಳ ನೆನಪಿಗೆ ಅದರ ಸ್ಥಾಪಕರು ಇಟ್ಟ ಹೆಸರದು. ಜಗುಲಿಯನ್ನು ನ್ಯೂಯಾರ್ಕಿನಿಂದ ತರಿಸಿಕೊಳ್ಳುವ ಗತಿ ನಮಗಿನ್ನೂ ಬಂದಿಲ್ಲ. ಚೀಟಿ ಎತ್ತಿ ಹೆಸರು ಕರೆಯುವ ಅವರ ಪದ್ಧತಿ ಮಾತ್ರ ಒಳ್ಳೆಯದು.

ನಮ್ಮಲ್ಲಿ ನಡೆಯುವುದು ಹೀಗೆ. ಆರು ಗಂಟೆಗೆ ನಿರೂಪಕರು ಒಂದೇ ನಿಮಿಷದಲ್ಲಿ ನಿಯಮ ಹೇಳುತ್ತಾರೆ. ನಂತರ ಹತ್ತು ನಿಮಿಷ ಒಗಟು. ಬಾಯಿ ಬಿಡಿಸಲು ಒಗಟಿನಂಥದ್ದು ಇನ್ನೊಂದಿಲ್ಲ, ಮಕ್ಕಳೂ ಅಜ್ಜಂದಿರೂ ಒಂದೇ ಸಮ. ಉತ್ತರ ಕರ್ನಾಟಕದವರು ಇದ್ದರೆ ಒಡಪು ಹೇಳಿಸಿ. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವ ಹೆಂಗಸರು ನಾವೆಲ್ಲ ತಿಣುಕಿ ಬರೆಯುವ ಕವಿತೆಯನ್ನು ನಿಂತ ನಿಲುವಿನಲ್ಲೇ ಹೇಳುತ್ತಾರೆ. ಆಮೇಲೆ ಮೊದಲೇ ಗೊತ್ತುಮಾಡಿದ ಐವರು, ತಲಾ ನಾಲ್ಕು ನಿಮಿಷ. ಅವರಲ್ಲಿ ಒಬ್ಬರಾದರೂ ಮೊದಲ ಸಲ ನಿಲ್ಲುವವರಿರಬೇಕು. ಅವರನ್ನು ಎರಡನೆಯವರಾಗಿ ಕರೆಯಿರಿ, ಮೊದಲಿಗೆ ಬೇಡ. ಆರೂ ನಲವತ್ತರ ಸುಮಾರಿಗೆ ಚಾ. ಏಳಕ್ಕೆ ಹನ್ನೆರಡು ನಿಮಿಷದ ಒಂದು ದೊಡ್ಡ ಕತೆ. ಉಳಿದ ಹೊತ್ತು ಡಬ್ಬಿಗೆ: ಚಾ ಕುಡಿಯುವಾಗ ಹೆಸರು ಬರೆದು ಹಾಕಿದವರ ಚೀಟಿ ಎತ್ತಿ ಕರೆಯುವುದು. ಚಾ ಹೊತ್ತಿಗೆ ಮೊದಲು ಹೆಸರು ಬರೆಯಲು ಧೈರ್ಯವಿಲ್ಲದವರು ಮಂಡಕ್ಕಿ ತಿನ್ನುತ್ತಾ ಮನಸ್ಸು ಬದಲಿಸುತ್ತಾರೆ, ಆದ್ದರಿಂದ ಚಾ ಕೊನೆಗೆ ಇಡಬೇಡಿ, ನಡುವೆಯೇ ಇರಲಿ.

ನಮ್ಮೂರಿನ ಹತ್ತಿರವೇ, ತುಂಗೆಯ ದಡದ ಮತ್ತೂರು-ಹೊಸಹಳ್ಳಿಗಳು ಗಮಕಕ್ಕೆ ಹೆಸರಾದವು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅದಕ್ಕೆ ವ್ಯಾಖ್ಯಾನ ಹೇಳುತ್ತಾರೆ. ಈ ಜೋಡಿಯನ್ನು ನಾವು ಬೇರೆಯೇ ಕೆಲಸಕ್ಕೆ ಹಚ್ಚಿದೆವು. ನಮ್ಮ ಬಡಾವಣೆಯಲ್ಲಿ ಉರ್ದು, ತಮಿಳು, ಕೊಂಕಣಿ, ಲಂಬಾಣಿ ಮಾತಾಡುವ ಮನೆಗಳಿವೆ. ಅವರು ತಮ್ಮ ಭಾಷೆಯಲ್ಲೇ ಹೇಳಲಿ, ಪಕ್ಕದಲ್ಲಿ ಅವರಿಗೆ ಬೇಕಾದ ಒಬ್ಬರು ನಿಂತು ತುಂಡು ತುಂಡಾಗಿ ಕನ್ನಡದಲ್ಲಿ ಹೇಳಲಿ. ತಾಂಡಾದ ಒಬ್ಬ ಅಜ್ಜಿ ಹಾಡುತ್ತಾ, ಎಂಟನೇ ಕ್ಲಾಸಿನ ಮೊಮ್ಮಗಳು ಅರ್ಥ ಹೇಳುತ್ತಾ ನಿಂತಾಗ, ಮೊಮ್ಮಗಳು ಒಂದು ಕಡೆ ತಡೆದು 'ಅಜ್ಜಿ, ಇದು ನಂಗೇ ಗೊತ್ತಿರಲಿಲ್ಲ' ಅಂದಳು. ಆ ಸಂಜೆ ಯಾರಿಗೂ ಚಾದ ನೆನಪಾಗಲಿಲ್ಲ.

ಮಳೆಗಾಲದ ತಿಂಗಳಲ್ಲಿ ಒಮ್ಮೆ ಯಕ್ಷಗಾನದ ಕೂತು ಆಡುವ ರೂಪವಾದ ತಾಳಮದ್ದಳೆಯ ಮಾದರಿ ಇಟ್ಟುಕೊಳ್ಳಬಹುದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿಗಳ ವಾದ. ಭಾಗವತರು, ಚೆಂಡೆ ಸಿಗದಿದ್ದರೂ ಪರವಾಗಿಲ್ಲ. ಬಡಾವಣೆಯ ನೀರಿನ ಟ್ಯಾಂಕಿ ಒಂದು ಪಾತ್ರ, ಬೋರ್‌ವೆಲ್ ಇನ್ನೊಂದು ಪಾತ್ರ ಎಂದು ಇಬ್ಬರನ್ನು ಕೂರಿಸಿ ನೋಡಿ.

ಹೆಜ್ಜೆ 7: ನಿಯಮ, ಗಂಟೆ, ಮತ್ತು ನಿಲ್ಲಿಸದವರು

ನಿಯಮ ಮೂರೇ. ನಾಲ್ಕು ನಿಮಿಷ. ಪೀಠಿಕೆ ಇಲ್ಲ. ವಿಮರ್ಶೆ ಇಲ್ಲ. 'ಈ ಕವಿತೆ ಹುಟ್ಟಿದ ಸಂದರ್ಭ ಏನೆಂದರೆ' ಎಂದು ಬಾಯಿ ತೆರೆದವರನ್ನು ನಿರೂಪಕರು ನಗುತ್ತಾ 'ಕವಿತೆಗೇ ಬನ್ನಿ ಸಾರ್' ಅನ್ನಬೇಕು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂಬ ಮಾತು ಚಾ ಹೊತ್ತಿನಲ್ಲಿ ಆಗಲಿ, ಸಭೆಯಲ್ಲಿ ಬೇಡ.

ಮೂರನೇ ತಿಂಗಳು ನಿವೃತ್ತ ಅಧಿಕಾರಿಯೊಬ್ಬರು ದಪ್ಪ ಡೈರಿ ಹಿಡಿದು ಬಂದರು. ಇಪ್ಪತ್ತೆರಡು ನಿಮಿಷ ಓದಿದರು. ಗಡಿಯಾರದ ಹುಡುಗನಿಗೆ ಹಿರಿಯರ ಮುಂದೆ ಬಾಯಿ ಬರಲಿಲ್ಲ. ಮುಂದಿನ ತಿಂಗಳು ದೇವರ ಮನೆಯ ಪುಟ್ಟ ಗಂಟೆಯೊಂದನ್ನು ತಂದೆವು, ಅದನ್ನು ಹಿಡಿಯಲು ಆ ಹಿರಿಯರನ್ನೇ ಕೂರಿಸಿದೆವು. ಮೂರು ನಿಮಿಷಕ್ಕೆ ಒಮ್ಮೆ ಮೆಲ್ಲಗೆ, ನಾಲ್ಕಕ್ಕೆ ಜೋರಾಗಿ. ಅವರಷ್ಟು ಕಟ್ಟುನಿಟ್ಟಾಗಿ ಇನ್ನೊಬ್ಬರು ಅದನ್ನು ಬಾರಿಸಿಲ್ಲ. ತಮ್ಮ ಸರದಿ ಬಂದಾಗ ತಾವೇ ಬಾರಿಸಿಕೊಂಡು ಕೂರುತ್ತಾರೆ.

ಸಭೆಯಲ್ಲಿ ಆಡಲು ಬಿಡಬಾರದ ಮಾತುಗಳು ಕೆಲವು ಇವೆ: ಯಾವುದೇ ಜಾತಿ, ಧರ್ಮ, ಅಂಗವೈಕಲ್ಯದ ಮೇಲೆ ನಗೆ, ಚುನಾವಣೆಯ ಪ್ರಚಾರ, ಎದುರಿಗಿಲ್ಲದ ನೆರೆಯವರ ಮನೆಯ ಗುಟ್ಟು. ಹೀಗಾದಾಗ ನಿರೂಪಕರು ಎದ್ದು ನಿಲ್ಲಬೇಕು, ಅಷ್ಟೇ. ಎದ್ದು ನಿಂತರೆ ಮಾತು ಮುಗಿಸಬೇಕು ಎಂದು ಮೊದಲೇ ಹೇಳಿಡಿ. ಇನ್ನು ಹೇಳುತ್ತಾ ಹೇಳುತ್ತಾ ಯಾರಾದರೂ ಅತ್ತುಬಿಟ್ಟರೆ ಚಪ್ಪಾಳೆ ಹೊಡೆದು ಮುಗಿಸಬೇಡಿ. ಒಂದು ಲೋಟ ನೀರು, ಒಂದು ನಿಮಿಷ ಸುಮ್ಮನಿರುವುದು. ಬಾಗಿಲಿನವರು ಅವರನ್ನು ಮನೆಯವರೆಗೆ ಬಿಟ್ಟು ಬರಲಿ.

ಹೆಜ್ಜೆ 8: ಮೈಕು, ರೆಕಾರ್ಡಿಂಗ್, ಕಾನೂನು

ನಲವತ್ತು ಜನರವರೆಗೆ ಮೈಕು ಬೇಡ. ಮೈಕು ಬಂದರೆ ಭಾಷಣದ ದನಿ ಬರುತ್ತದೆ. ಬೇಕೇ ಆದರೆ ಪುಟ್ಟ ಬ್ಯಾಟರಿ ಸ್ಪೀಕರ್ ಒಂದನ್ನು ಹೇಳುವವರ ಮುಂದುಗಡೆ, ಕೇಳುವವರ ಕಡೆ ಮುಖ ಮಾಡಿ ಇಡಿ. ಹಿಂದೆ ಇಟ್ಟರೆ ಕೂಂಯ್ ಅನ್ನುತ್ತದೆ. ಬಯಲಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಲಿಖಿತ ಅನುಮತಿ ಪಡೆಯಿರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್.

ಬೇರೆಯವರ ಕವಿತೆ ಓದುವವರು ಕವಿಯ ಹೆಸರು ಹೇಳಿಯೇ ಓದಲಿ. ಪ್ರಕಟವಾದ ಕೃತಿಯ ಒಂದಿಷ್ಟು ಭಾಗವನ್ನು ಸಭೆಯಲ್ಲಿ ಓದಲು ಹಕ್ಕುಸ್ವಾಮ್ಯ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಓದಿದ್ದರ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದು ಬೇರೆ ಮಾತು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದು. ನಾವಂತೂ ಫೋನುಗಳನ್ನು ಬಾಗಿಲಲ್ಲೇ ಒಂದು ಮೊರದಲ್ಲಿ ಇಡಿಸುತ್ತೇವೆ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಾದರೆ ಜನ ಓಣಿಗೆ ಹೇಳುವುದನ್ನು ಬಿಟ್ಟು ಊರಿಗೆ ಹೇಳಲು ಶುರುಮಾಡುತ್ತಾರೆ.

ಹೆಜ್ಜೆ 9: ದುಡ್ಡು

ಮೂವತ್ತು ಜನಕ್ಕೆ ಚಾ, ಮಂಡಕ್ಕಿ-ಖಾರ. ಮಂಡಕ್ಕಿಯನ್ನು ಮನೆಯಲ್ಲೇ ಕಲಸಿದರೆ ಐದುನೂರು ರೂಪಾಯಿಯೊಳಗೆ ಮುಗಿಯುತ್ತದೆ. ಬಾಗಿಲ ಬಳಿ ಒಂದು ಡಬ್ಬಿ ಇಡಿ, ಯಾರು ಎಷ್ಟು ಹಾಕಿದರೆಂದು ನೋಡಬೇಡಿ. ಪ್ರಾಯೋಜಕರು ಖಂಡಿತ ಬರುತ್ತಾರೆ, ಸೈಟು ಮಾರುವವರು ಮೊದಲು. ಕೈಮುಗಿದು ಕಳಿಸಿ. ಒಮ್ಮೆ ಅವರ ಬ್ಯಾನರ್ ಹಿಂದೆ ಬಂದರೆ, ಅವರು ಮುಂದೆ ಬಂದು ಎರಡು ಮಾತಾಡುತ್ತಾರೆ, ಶಾಲೂ ತರುತ್ತಾರೆ.

ಹೆಜ್ಜೆ 10: ನಾಲ್ಕನೇ ತಿಂಗಳಿನಿಂದ ಮುಂದೆ

ಹೊಸತರ ಹುರುಪು ಮೂರು ತಿಂಗಳು. ನಾಲ್ಕನೆಯದರಲ್ಲಿ ನಮಗೆ ಬಂದವರು ಹನ್ನೊಂದು ಜನ. ಹೆದರಬೇಡಿ, ಬಂದವರನ್ನು ಬಿಗಿಯಾಗಿ ಕೂರಿಸಿ ಅಷ್ಟೇ ಹೊತ್ತು ನಡೆಸಿ. ಆ ತಿಂಗಳಿನಿಂದ ಒಂದು ಪುಸ್ತಕ ಇಟ್ಟೆವು. ಯಾರು ಬಂದರು, ಏನು ಹೇಳಿದರು, ಯಾರು ಬರಲಿಲ್ಲ ಎಂದು ಬರೆಯುವ ಇನ್ನೂರು ಪುಟದ ನೋಟ್‌ಬುಕ್ಕು. ಬರದವರ ಮನೆಗೆ ಆ ವಾರ ಯಾರಾದರೂ ಹೋಗಿ ಬರುತ್ತಾರೆ, ಬನ್ನಿ ಎಂದು ಕರೆಯಲು ಅಲ್ಲ, ಹುಷಾರಾಗಿದ್ದೀರಾ ಎಂದು ಕೇಳಲು. ಹೀಗೆ ಹೋದಾಗಲೇ ಗೊತ್ತಾಗಿದ್ದು, ತಪ್ಪದೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮೇಷ್ಟ್ರು ಜಾರಿ ಬಿದ್ದು ಒಬ್ಬರೇ ಮನೆಯಲ್ಲಿದ್ದಾರೆ ಎಂದು. ಮುಂದಿನ ತಿಂಗಳ ಸಂಜೆಯನ್ನು ಅವರ ಹಜಾರದಲ್ಲೇ ನಡೆಸಿದೆವು. ಮಿನಿ ಹಾಲ್ ಬಿಟ್ಟ ಮೇಲೆ ಜಾಗ ಬದಲಾಯಿಸಿದ್ದು ಅದೊಂದೇ ಸಲ, ದಿನ ಬದಲಾಯಿಸಲಿಲ್ಲ.

ಆರು ತಿಂಗಳಾದ ಮೇಲೆ ಮೂವರ ಕೆಲಸವನ್ನೂ ಬೇರೆ ಮೂವರಿಗೆ ದಾಟಿಸಿ. ಶುರು ಮಾಡಿದವರಿಗೆ ಇದು ಕಷ್ಟ, ನನಗೂ ಕಷ್ಟವಾಯಿತು. ಕಳೆದ ಎರಡನೇ ಶನಿವಾರ ಮದುವೆಯೊಂದಕ್ಕೆ ಭದ್ರಾವತಿಗೆ ಹೋದವನು ವಾಪಸ್ ಬರುವಾಗ ಆರೂ ಕಾಲು. ವಾಚನಾಲಯದ ಬಾಗಿಲ ಬೀಗದ ಕೀಲಿ ಈಗ ಹೂವಿನಂಗಡಿಯ ಅಕ್ಕನ ಹತ್ತಿರ ಇರುತ್ತದೆ. ಬಾಗಿಲಲ್ಲಿ ಅವರೇ ಕೂತಿದ್ದರು. ಒಳಗೆ ಯಾರೋ ಹೇಳುತ್ತಿದ್ದರು, ಯಾರು ಎಂದು ದನಿಯಿಂದ ಗುರುತು ಸಿಗಲಿಲ್ಲ. 'ಚಪ್ಪಲಿ ಅಲ್ಲಿ, ಫೋನು ಮೊರದಲ್ಲಿ' ಅಂದರು ಅಕ್ಕ, ಮೆಲ್ಲಗೆ. 'ಹಿಂದೆ ನಿಂತ್ಕೊಳ್ಳಿ, ಜಾಗ ಇಲ್ಲ.'